ದೇಶವಿಭಾಗ ಮತ್ತು ರಾಜಧಾನಿ: ಜೈನಗ್ರಂಥಪಾಠಗಳ ವಿಮರ್ಶೆ

೧

ದೇಶವನ್ನು ವಿಷಯಗಳಾಗಿ ವಿಭಾಗಿಸಿ, ಒಂದೊಂದು ವಿಷಯಕ್ಕೂ ಒಂದೊಂದು ರಾಜಧಾನಿಯನ್ನು ಹೇಳುವ ಪದ್ಧತಿ ಜೈನವಾಙ್ಮಯದಲ್ಲಿ ಬಹು ಪ್ರಾಚೀನವಾದುದು. ಅದು ಮುಖ್ಯವಾಗಿ ಮೂರು ಸ್ಥಳಗಳಲ್ಲಿ ಕಾಣುತ್ತದೆ. ತಿಲೋಯಪಣ್ಣತ್ತಿ, ತ್ರಿಲೋಕಸಾರ ಮೊದಲಾದ ಕರಣಾನುಯೋಗಗ್ರಂಥಗಳಲ್ಲಿ ವಿದೇಹಕ್ಷೇತ್ರದ ೩೨ ವಿಷಯಗಳೂ ಅವುಗಳ ೩೨ ರಾಜಧಾನಿಗಳೂ ನಿರೂಪಿತವಾಗಿವೆ. ಶ್ವೇತಾಂಬರ ಆಗಮವಾದ ಪ್ರಜ್ಞಾಪನಾಸೂತ್ರದಲ್ಲಿ ಭರತಕ್ಷೇತ್ರದ ಇಪ್ಪತ್ತೈದೂವರೆ ಆರ್ಯಜನಪದಗಳು ತಮ್ಮ ತಮ್ಮ ನಗರಗಳೊಡನೆ ಬಂದಿವೆ. ಜಿನಸೇನಾಚಾರ್ಯರ ಆದಿಪುರಾಣದ ಹದಿನಾರನೆಯ ಪರ್ವದಲ್ಲಿ, ಕರ್ಮಭೂಮಿಯ ಆರಂಭಕಾಲದಲ್ಲಿ ಇಂದ್ರನು ದೇಶಗಳನ್ನೂ ಗ್ರಾಮನಗರಾದಿಗಳನ್ನೂ ವಿಭಾಗಿಸಿದ ಪ್ರಕಾರ ವರ್ಣಿತವಾಗಿದೆ.

ಈ ಮೂರು ನಿರೂಪಣೆಗಳ ಉದ್ದೇಶ ಒಂದೇ ಅಲ್ಲ. ಆದರೂ ಗ್ರಂಥಸಂಪಾದನೆಯಲ್ಲಿಯೂ ನಾಮಸೂಚಿಗಳ ರಚನೆಯಲ್ಲಿಯೂ ಇವುಗಳನ್ನು ಒಂದೇ ಭೂಗೋಲದ ಮೂರು ತುಣುಕುಗಳೆಂದು ಭಾವಿಸುವ ಪ್ರವೃತ್ತಿ ಪ್ರಬಲವಾಗಿದೆ. ಒಂದರ ಪಾಠದಿಂದ ಇನ್ನೊಂದನ್ನು ತಿದ್ದುವುದು, ಬಿಟ್ಟುಹೋದ ರಾಜಧಾನಿಯನ್ನು ಬೇರೆ ಗ್ರಂಥದಿಂದ ತಂದು ತುಂಬುವುದು, ಹೆಸರಿನ ಸಾಮ್ಯ ಮಾತ್ರದಿಂದ ಶಾಸನದ ಊರನ್ನು ಪುರಾಣದ ಊರಿಗೆ ಸೇರಿಸುವುದು ಇದರ ಫಲ. ಓಲೆಯ ಪ್ರತಿ ನಶಿಸಿದ ಮೇಲೆ ಇಂತಹ ತಿದ್ದುಪಡಿಯೇ ಮೂಲವಾಗಿ ನಿಲ್ಲುತ್ತದೆ. ಆದುದರಿಂದ ಈ ಮೂರರ ಸ್ವರೂಪವನ್ನು ಪ್ರತ್ಯೇಕವಾಗಿ ವಿಚಾರಿಸಿ, ರಾಜಧಾನಿ ಎಂಬ ಶಬ್ದ ಎಲ್ಲಿ ಯಾವ ಅರ್ಥದಲ್ಲಿ ನಿಂತಿದೆ ಎಂಬುದನ್ನು ನಿರ್ಧರಿಸುವುದು ಅವಶ್ಯಕ.

೨

ವಿದೇಹದ ವಿಭಾಗ ಗಣಿತಸಿದ್ಧವಾದುದು. ಮೇರುವಿನಿಂದ ಪೂರ್ವವಿದೇಹ, ಅಪರವಿದೇಹವೆಂದು ಕ್ಷೇತ್ರ ಎರಡಾಗುತ್ತದೆ. ಪೂರ್ವದಲ್ಲಿ ಸೀತಾನದಿ, ಪಶ್ಚಿಮದಲ್ಲಿ ಸೀತೋದಾನದಿ ಹರಿಯುವುದರಿಂದ ಎರಡು ನಾಲ್ಕಾಗುತ್ತವೆ. ಆ ಒಂದೊಂದು ಭಾಗವನ್ನು ನಾಲ್ಕು ವಕ್ಷಾರಪರ್ವತಗಳೂ ಮೂರು ವಿಭಂಗನದಿಗಳೂ ವಿಭಾಗಿಸುತ್ತವೆ. ನಡುವೆ ಏಳು ಗಡಿಗಳಿದ್ದರೆ ಎಂಟು ಭಾಗಗಳಾಗುತ್ತವೆ, ನಾಲ್ಕೆಂಟು ಮೂವತ್ತೆರಡು. ಪ್ರತಿಯೊಂದು ವಿಷಯದಲ್ಲಿಯೂ ಒಂದು ವಿಜಯಾರ್ಧಪರ್ವತ, ಎರಡು ನದಿಗಳು, ಅವುಗಳಿಂದ ಆರು ಖಂಡಗಳು, ಆರ್ಯಖಂಡದಲ್ಲಿ ರಾಜಧಾನಿ.

ಸೀತಾನದಿಯ ಉತ್ತರದಲ್ಲಿ ಕಚ್ಛಾ, ಸುಕಚ್ಛಾ, ಮಹಾಕಚ್ಛಾ, ಕಚ್ಛಕಾವತೀ, ಆವರ್ತಾ, ಲಾಂಗಲಾವರ್ತಾ, ಪುಷ್ಕಲಾ, ಪುಷ್ಕಲಾವತೀ ಎಂಬ ಎಂಟು; ಇವುಗಳ ರಾಜಧಾನಿಗಳು ಕ್ರಮವಾಗಿ ಕ್ಷೇಮಾ, ಕ್ಷೇಮಪುರೀ, ಅರಿಷ್ಟಾ, ಅರಿಷ್ಟಪುರೀ, ಖಡ್ಗಾ, ಮಂಜೂಷಾ, ಔಷಧೀ, ಪುಂಡರೀಕಿಣೀ. ಸೀತೆಯ ದಕ್ಷಿಣದಲ್ಲಿ ವತ್ಸಾ, ಸುವತ್ಸಾ, ಮಹಾವತ್ಸಾ, ವತ್ಸಕಾವತೀ, ರಮ್ಯಾ, ಸುರಮ್ಯಾ, ರಮಣೀಯಾ, ಮಂಗಲಾವತೀ. ರಾಜಧಾನಿಗಳು ಸುಸೀಮಾ, ಕುಂಡಲಾ, ಅಪರಾಜಿತಾ, ಪ್ರಭಂಕರಾ, ಅಂಕಾ, ಪದ್ಮಾವತೀ, ಶುಭಾ, ರತ್ನಸಂಚಯಾ. ಸೀತೋದೆಯ ದಕ್ಷಿಣದಲ್ಲಿ ಪದ್ಮಾ, ಸುಪದ್ಮಾ, ಮಹಾಪದ್ಮಾ, ಪದ್ಮಕಾವತೀ, ಶಂಖಾ, ನಲಿನಾ, ಕುಮುದಾ, ಸರಿತಾ. ರಾಜಧಾನಿಗಳು ಅಶ್ವಪುರೀ, ಸಿಂಹಪುರೀ, ಮಹಾಪುರೀ, ವಿಜಯಪುರೀ, ಅರಜಾ, ವಿರಜಾ, ಅಶೋಕಾ, ವೀತಶೋಕಾ. ಸೀತೋದೆಯ ಉತ್ತರದಲ್ಲಿ ವಪ್ರಾ, ಸುವಪ್ರಾ, ಮಹಾವಪ್ರಾ, ವಪ್ರಕಾವತೀ, ಗಂಧಾ, ಸುಗಂಧಾ, ಗಂಧಿಲಾ, ಗಂಧಮಾಲಿನೀ. ರಾಜಧಾನಿಗಳು ವಿಜಯಾ, ವೈಜಯಂತೀ, ಜಯಂತಾ, ಅಪರಾಜಿತಾ, ಚಕ್ರಪುರೀ, ಖಡ್ಗಪುರೀ, ಅಯೋಧ್ಯಾ, ಅವಧ್ಯಾ.

ತ್ರಿಲೋಕಸಾರದಲ್ಲಿ ವಿಷಯನಾಮಗಳೂ ರಾಜಧಾನೀನಾಮಗಳೂ ಬೇರೆ ಬೇರೆ ಗಾಹೆಗಳಲ್ಲಿವೆ. ಯಾವ ವಿಷಯಕ್ಕೆ ಯಾವ ರಾಜಧಾನಿ ಎಂಬುದು ಕ್ರಮದಿಂದ ಮಾತ್ರ ತಿಳಿಯಬೇಕು. ಒಂದು ಹೆಸರು ಬಿಟ್ಟುಹೋದರೆ ಅದರ ಮುಂದಿನ ಎಲ್ಲ ಜೋಡಿಗಳೂ ಒಂದೊಂದು ಸ್ಥಾನ ಜರುಗುತ್ತವೆ. ಲಿಪಿಕಾರನಿಗೆ ಇಲ್ಲಿ ಅಪಾಯದ ಸ್ಥಾನಗಳು ಹಲವು. ಅಪರಾಜಿತಾ ಎಂಬ ರಾಜಧಾನಿ ಎರಡು ಕಡೆ ಇದೆ. ಪುನರುಕ್ತಿಯೆಂದು ಭಾವಿಸಿ ಒಂದನ್ನು ಬಿಡುವುದು ಸುಲಭ. ಪದ್ಮಾವತೀ ಎಂಬ ನಗರ ಪದ್ಮಾ ವಿಷಯಕ್ಕಾಗಲಿ ಪದ್ಮಕಾವತೀ ವಿಷಯಕ್ಕಾಗಲಿ ಸೇರಿದುದಲ್ಲ. ಅದು ಸುರಮ್ಯೆಯ ರಾಜಧಾನಿ. ಖಡ್ಗಾ ಎಂಬುದು ಆವರ್ತೆಗೆ, ಖಡ್ಗಪುರೀ ಎಂಬುದು ಸುಗಂಧೆಗೆ. ವಿಜಯಾ, ವೈಜಯಂತೀ, ಜಯಂತಾ, ಅಪರಾಜಿತಾ ಎಂಬ ನಾಲ್ಕು ಹೆಸರುಗಳ ಸಾಲು ಜಂಬೂದ್ವೀಪದ ನಾಲ್ಕು ದ್ವಾರಗಳ ಹೆಸರುಗಳನ್ನೂ ಅನುತ್ತರವಿಮಾನಗಳ ಹೆಸರುಗಳನ್ನೂ ಹೋಲುವುದರಿಂದ, ಕಂಠಪಾಠದ ಬಲದಿಂದ ಬರೆಯುವವನ ಕೈ ಅಲ್ಲಿಗೆ ಜಾರಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದುದು ಕೊನೆಯ ಜೋಡಿ. ಪ್ರಾಕೃತದಲ್ಲಿ ಅಯೋಧ್ಯೆ ‘ಅಓಜ್ಝಾ’ ಎಂದೂ ಅವಧ್ಯೆ ‘ಅವಜ್ಝಾ’ ಎಂದೂ ಆಗುತ್ತವೆ. ಎರಡೂ ಒಂದರ ಪಕ್ಕದಲ್ಲಿ ಒಂದು ಬರುತ್ತವೆ. ಒಂದೇ ಶಬ್ದವನ್ನು ಕೈತಪ್ಪಿ ಎರಡು ಸಲ ಬರೆದಿದೆಯೆಂದು ತಿಳಿದು ಒಂದನ್ನು ಅಳಿಸಿದರೆ, ಮೂವತ್ತೆರಡು ಮೂವತ್ತೊಂದಾಗುತ್ತದೆ.

ಇಂತಹ ಸ್ಥಳಗಳಲ್ಲಿ ಪಾಠವನ್ನು ಕಾಯುವುದು ಸಂಖ್ಯೆ. ಗಡಿಗಳ ಲೆಕ್ಕದಿಂದ ಮೂವತ್ತೆರಡು ಎಂಬುದು ಸಿದ್ಧವಾಗಿರುವುದರಿಂದ, ಒಂದು ಕಡಿಮೆಯಾದರೆ ಲೋಪ ನಿಶ್ಚಿತ. ಎರಡನೆಯ ರಕ್ಷಣೆ ಪ್ರದಕ್ಷಿಣಕ್ರಮ. ಕಚ್ಛೆ ಮಾಲ್ಯವಾನ್ ಗಜದಂತದ ಬಳಿಯಿಂದ ಆರಂಭವಾಗುತ್ತದೆ. ಮಂಗಲಾವತೀ ಸೌಮನಸದ ಬಳಿ ಮುಗಿಯುತ್ತದೆ. ಪದ್ಮೆ ವಿದ್ಯುತ್ಪ್ರಭದ ಬಳಿಯಿಂದ ಹೊರಡುತ್ತದೆ. ಗಂಧಮಾಲಿನೀ ಗಂಧಮಾದನದ ಬಳಿ ಮುಗಿಯುತ್ತದೆ. ಈ ನಾಲ್ಕು ಗಜದಂತಗಳ ಕೂಟಗಳಲ್ಲಿ ಕಚ್ಛಾ, ಮಂಗಲ, ಪದ್ಮ, ಗಂಧಮಾಲಿನೀ ಎಂಬ ಹೆಸರುಗಳು ಕ್ರಮವಾಗಿ ಕಾಣುವುದು ಗಮನಾರ್ಹ. ಕೂಟನಾಮಗಳು ಬೇರೆ ಪ್ರಕರಣದಲ್ಲಿ ಬರುವುದರಿಂದ, ಅಷ್ಟಕಗಳ ತುದಿಗಳಿಗೆ ಅವು ಸ್ವತಂತ್ರ ಸಾಕ್ಷಿಯಾಗುತ್ತವೆ.

ಶ್ವೇತಾಂಬರ ಜಂಬೂದ್ವೀಪಪ್ರಜ್ಞಪ್ತಿಯಲ್ಲಿ ಗಂಧಾ, ಸುಗಂಧಾ ಎಂಬವುಗಳ ಸ್ಥಾನದಲ್ಲಿ ವಲ್ಗು, ಸುವಲ್ಗು ಎಂದೂ ಗಂಧಮಾಲಿನಿಯ ಸ್ಥಾನದಲ್ಲಿ ಗಂಧಿಲಾವತೀ ಎಂದೂ ಇದೆ. ಅಲ್ಲಿ ಗಂಧಮಾದನದ ಕೂಟದ ಹೆಸರೂ ಗಂಧಿಲಾವತಿಯೇ. ಎರಡೂ ಸಂಪ್ರದಾಯಗಳು ತಮ್ಮ ತಮ್ಮೊಳಗೆ ಸುಸಂಗತವಾಗಿವೆ. ಆದುದರಿಂದ ಇದು ಲಿಪಿದೋಷವಲ್ಲ, ಪಾಠಪರಂಪರೆಯ ಭೇದ. ದಿಗಂಬರಪ್ರತಿಯೊಂದರಲ್ಲಿ ಅಕ್ಷರ ಸವೆದಿದ್ದರೆ ಅದನ್ನು ಶ್ವೇತಾಂಬರಪಾಠದಿಂದ ತುಂಬುವುದೂ, ಅದಕ್ಕೆ ಪ್ರತಿಯಾಗಿ ಮಾಡುವುದೂ ಸಮಾನವಾಗಿ ಅಸಾಧು.

೩

ಪ್ರಥಮಾನುಯೋಗದ ಕವಿಗಳು ಈ ವಿಷಯನಾಮಗಳನ್ನು ಕಥಾಭೂಮಿಯಾಗಿ ಬಳಸಿದಾಗ ಪ್ರಶ್ನೆ ಜಟಿಲವಾಗುತ್ತದೆ. ಆದಿನಾಥರ ಪೂರ್ವಭವಗಳಲ್ಲಿ ವಜ್ರದಂತ ಚಕ್ರವರ್ತಿಯ ನಗರ ಪುಷ್ಕಲಾವತೀ ವಿಷಯದ ಪುಂಡರೀಕಿಣಿ. ಇದು ಪಟ್ಟಿಗೆ ಸರಿಹೊಂದುತ್ತದೆ. ಅದೇ ವಿಷಯದಲ್ಲಿ ವಜ್ರಬಾಹುರಾಜನ ಉತ್ಪಲಖೇಟವೂ ಇದೆ. ಅದು ಪಟ್ಟಿಯಲ್ಲಿಲ್ಲ, ಇರಬೇಕಾದುದೂ ಇಲ್ಲ. ಒಂದು ವಿಷಯದಲ್ಲಿ ರಾಜಧಾನಿಯೊಂದೇ ಆದರೂ ರಾಜರಿರುವ ಊರುಗಳು ಹಲವು ಇರಬಹುದು.

ಮಹಾಬಲನ ಕಥೆಯಲ್ಲಿ ಗಂಧಿಲವಿಷಯದೊಡನೆ ಅಲಕಾಪುರ ಬರುತ್ತದೆ. ಪಟ್ಟಿಯಂತೆ ಗಂಧಿಲೆಯ ರಾಜಧಾನಿ ಅಯೋಧ್ಯೆ. ಇಲ್ಲಿ ವಿರೋಧವಿದೆಯೆಂದು ತೋರುವುದು ತೋರಿಕೆ ಮಾತ್ರ. ಅಲಕೆ ಆ ವಿಷಯದ ವಿಜಯಾರ್ಧಪರ್ವತದಲ್ಲಿರುವ ವಿದ್ಯಾಧರನಗರ. ಆರ್ಯಖಂಡದ ರಾಜಧಾನಿಯ ಸ್ಥಾನಕ್ಕೆ ಅದು ಬರುವುದಿಲ್ಲ. ಗಂಧಿಲೆಯ ಅಯೋಧ್ಯೆಯನ್ನು ಭರತಕ್ಷೇತ್ರದ ಅಯೋಧ್ಯೆಯೊಡನೆ ಒಂದೇ ಶೀರ್ಷಿಕೆಯಲ್ಲಿ ಸೇರಿಸುವ ನಾಮಸೂಚಿ ಓದುಗನನ್ನು ಮೇರುವಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಒಯ್ದಂತಾಗುತ್ತದೆ. ವಿದೇಹವೆಂಬ ಮಹಾಕ್ಷೇತ್ರವನ್ನೂ ಮಿಥಿಲೆ ರಾಜಧಾನಿಯಾಗಿರುವ ವಿದೇಹಜನಪದವನ್ನೂ ಬೇರ್ಪಡಿಸದ ಸೂಚಿಯ ದೋಷವೂ ಇದೇ ಬಗೆಯದು.

ನಿಜವಾದ ತೊಡಕು ಸುವಿಧಿರಾಜನ ವೃತ್ತಾಂತದಲ್ಲಿದೆ. ಆದಿಪುರಾಣದ ಹತ್ತನೆಯ ಪರ್ವದಲ್ಲಿ ಸುವಿಧಿ ಸುಸೀಮಾನಗರದ ಸುದೃಷ್ಟಿರಾಜನ ಮಗನೆಂದೂ ಆ ನಗರ ಮಹಾವತ್ಸವಿಷಯದಲ್ಲಿದೆಯೆಂದೂ ಹೇಳಿದೆ. ಪಟ್ಟಿಯಲ್ಲಿ ಸುಸೀಮಾ ವತ್ಸೆಗೆ ಸೇರಿದುದು. ಮಹಾವತ್ಸೆಯ ರಾಜಧಾನಿ ಅಪರಾಜಿತಾ. ಇಲ್ಲಿ ಸಂಪಾದಕನ ಮುಂದೆ ಮೂರು ದಾರಿಗಳಿವೆ. ಮಹಾವತ್ಸವನ್ನು ವತ್ಸವೆಂದು ತಿದ್ದುವುದು ಒಂದು. ಸುಸೀಮೆಯ ಸ್ಥಾನದಲ್ಲಿ ಅಪರಾಜಿತೆಯನ್ನು ಇಡುವುದು ಎರಡನೆಯದು. ಪಾಠವನ್ನು ಇದ್ದಂತೆಯೇ ಉಳಿಸಿ ಭೇದವನ್ನು ತೋರಿಸುವುದು ಮೂರನೆಯದು. ಮೊದಲನೆಯದು ಛಂದಸ್ಸಿಗೆ ಭಂಗ ತರುತ್ತದೆ. ಎರಡನೆಯದು ಕವಿಯ ವಿವಕ್ಷೆಯನ್ನೇ ಅಳಿಸುತ್ತದೆ. ವತ್ಸದೇಶದ ಹಿರಿಮೆಯನ್ನು ಹೇಳಲು ಮಹಾಶಬ್ದವನ್ನು ವಿಶೇಷಣವಾಗಿ ಪ್ರಯೋಗಿಸಿರುವ ಸಂಭವವೂ ಇದೆ. ಜಿನಸೇನರ ಮುಂದೆ ಇದ್ದ ಪಾಠ ಬೇರೆ ಕ್ರಮದ್ದಾಗಿರುವ ಸಂಭವವೂ ಇದೆ. ನಿರ್ಣಾಯಕ ಪ್ರಮಾಣವಿಲ್ಲದೆಡೆ ಮೂರನೆಯ ದಾರಿಯೇ ಶ್ರುತಭಕ್ತಿಗೂ ಸಂಪಾದನಶಾಸ್ತ್ರಕ್ಕೂ ಒಪ್ಪುವುದು.

೪

ಪ್ರಜ್ಞಾಪನೆಯ ಪಟ್ಟಿಯ ಸ್ವರೂಪ ಬೇರೆ. ಅಲ್ಲಿ ಗಣಿತವಿಲ್ಲ, ಗಡಿಗಳ ವರ್ಣನೆಯಿಲ್ಲ. ಮಗಧಕ್ಕೆ ರಾಜಗೃಹ, ಅಂಗಕ್ಕೆ ಚಂಪಾ, ವಂಗಕ್ಕೆ ತಾಮ್ರಲಿಪ್ತಿ, ಕಲಿಂಗಕ್ಕೆ ಕಾಂಚನಪುರ, ಕಾಶಿಗೆ ವಾರಾಣಸಿ, ಕೋಸಲಕ್ಕೆ ಸಾಕೇತ, ಸುರಾಷ್ಟ್ರಕ್ಕೆ ದ್ವಾರಾವತಿ, ಶೂರಸೇನಕ್ಕೆ ಮಥುರಾ ಎಂಬಂತೆ ಹೆಸರುಗಳ ಜೋಡಿ ಮಾತ್ರ. ಕೊನೆಯಲ್ಲಿ ಶ್ವೇತಾಂಬಿಕೆಯೊಡನೆ ಕೇಕಯದ ಅರ್ಧಭಾಗ ಬಂದು ಸಂಖ್ಯೆ ಇಪ್ಪತ್ತೈದೂವರೆಯಾಗುತ್ತದೆ. ಈ ಅರ್ಧವೇ ಪಟ್ಟಿಯ ಪ್ರಾಮಾಣ್ಯಕ್ಕೆ ಒಂದು ಗುರುತು. ಸ್ಮೃತಿಯಿಂದ ಕಲ್ಪಿಸುವವನು ಸಂಖ್ಯೆಯನ್ನು ಪೂರ್ಣಗೊಳಿಸುತ್ತಿದ್ದನು. ಪರಂಪರೆಯಿಂದ ಪಡೆದವನು ಅರ್ಧವನ್ನು ಅರ್ಧವಾಗಿಯೇ ಉಳಿಸಿದನು.

ಈ ಪಟ್ಟಿಯಲ್ಲಿ ಕರ್ಣಾಟವಿಲ್ಲ. ಇದರಿಂದ ಕೆಲವರು ಕನ್ನಡನಾಡು ಆಗಮಕಾರರ ದೃಷ್ಟಿಯಲ್ಲಿ ಅನಾರ್ಯವೆಂದು ಸಿದ್ಧಾಂತಮಾಡುತ್ತಾರೆ. ಮತ್ತೆ ಕೆಲವರು ಪಟ್ಟಿಯ ಒಂದು ಹೆಸರನ್ನು ಎಳೆದು ದಕ್ಷಿಣಕ್ಕೆ ತರುತ್ತಾರೆ. ಎರಡೂ ಅನಾವಶ್ಯಕ. ಜಿನರು, ಚಕ್ರವರ್ತಿಗಳು, ಬಲದೇವವಾಸುದೇವರು ಹುಟ್ಟಿದ ಪ್ರದೇಶ ಯಾವುದೋ ಅದು ಆರ್ಯಕ್ಷೇತ್ರ ಎಂಬ ಲಕ್ಷಣವನ್ನು ಪ್ರಜ್ಞಾಪನೆಯೇ ಹೇಳುತ್ತದೆ. ಇದು ಜನ್ಮಭೂಮಿಗಳ ಪಟ್ಟಿ. ಧರ್ಮ ಎಲ್ಲೆಲ್ಲಿ ನೆಲೆಸಿತೆಂಬುದರ ಪಟ್ಟಿಯಲ್ಲ. ಮುನಿವಿಹಾರಕ್ಕೆ ಯೋಗ್ಯವಾದ ಕ್ಷೇತ್ರ ಕಾಲಕ್ರಮದಲ್ಲಿ ವಿಸ್ತರಿಸಿತೆಂಬುದಕ್ಕೆ ಬೃಹತ್ಕಲ್ಪಭಾಷ್ಯವೇ ಸಾಕ್ಷಿ. ಸಂಪ್ರತಿರಾಜನು ಆಂಧ್ರ, ದ್ರವಿಡ, ಮಹಾರಾಷ್ಟ್ರ, ಕುಡುಕ್ಕಗಳನ್ನು ಮುನಿಗಳ ವಿಹಾರಕ್ಕೆ ಯೋಗ್ಯವಾಗುವಂತೆ ಮಾಡಿದನೆಂದು ಅದು ಹೇಳುತ್ತದೆ. ಕುಡುಕ್ಕವನ್ನು ಕೊಡಗೆಂದು ಗುರುತಿಸುವ ವಿದ್ವಾಂಸರಿದ್ದಾರೆ. ಆದರೆ ಧ್ವನಿಸಾಮ್ಯವೊಂದನ್ನೇ ಆಧರಿಸಿ ಪ್ರಾಕೃತಪಾಠದ ಹೆಸರನ್ನು ಅನುವಾದದಲ್ಲಿ ಬದಲಿಸುವುದು ಉಚಿತವಲ್ಲ.

ಕ್ರಿ.ಶ. ಒಂಬತ್ತನೆಯ ಶತಮಾನದ ಜಿನಸೇನರ ಪಟ್ಟಿಯಲ್ಲಿ ವನವಾಸ, ಕರ್ಣಾಟ, ಆಂಧ್ರ, ಚೋಳ, ಕೇರಳ, ಕೊಂಕಣ, ಕರಹಾಟ, ಮಹಾರಾಷ್ಟ್ರಗಳು ಸ್ಪಷ್ಟವಾಗಿವೆ. ಅಲ್ಲಿಯೇ ಯವನ, ತುರುಷ್ಕ, ಶಕರ ಹೆಸರುಗಳೂ ಇವೆ. ಕರ್ಣಾಟದಿಂದ ಪ್ರತ್ಯೇಕವಾಗಿ ವನವಾಸವನ್ನು ಹೆಸರಿಸಿರುವುದು ಆ ಕಾಲದ ರಾಜಕೀಯವನ್ನು ಬಲ್ಲವರ ಮಾತು. ಆದರೆ ಈ ಪಟ್ಟಿಯಲ್ಲಿ ಜಿನಸೇನರು ರಾಜಧಾನಿಗಳನ್ನು ಹೇಳಿಲ್ಲ. ದೇಶನಾಮಗಳನ್ನು ಮಾತ್ರ ಎಣಿಸಿ, ರಾಜಧಾನಿಯ ಲಕ್ಷಣವನ್ನು ಬೇರೆಯಾಗಿ ನಿರೂಪಿಸಿದ್ದಾರೆ. ಪ್ರಜ್ಞಾಪನೆಯ ನಗರಗಳನ್ನು ತಂದು ಈ ದೇಶಗಳಿಗೆ ಜೋಡಿಸಿ ಕೋಷ್ಟಕ ರಚಿಸುವುದು ಜಿನಸೇನರು ಬೇಕೆಂದೇ ಬಿಟ್ಟುದನ್ನು ತುಂಬಿದಂತೆ.

೫

ಜಿನಸೇನರ ಲಕ್ಷಣಭಾಗ ಸೂಕ್ಷ್ಮವಾಗಿ ಪರಿಶೀಲನೀಯ. ನದೀಜಲದಿಂದ ಬೆಳೆಯುವ ಅದೇವಮಾತೃಕ, ಮಳೆಯಿಂದ ಬೆಳೆಯುವ ದೇವಮಾತೃಕ, ಎರಡೂ ಸೇರಿದ ಸಾಧಾರಣ ಎಂದು ದೇಶಗಳ ವಿಭಾಗ ಮೊದಲು ಬರುತ್ತದೆ. ಗಡಿಗಳಲ್ಲಿ ಅಂತಪಾಲರ ದುರ್ಗಗಳು, ನಡುವೆ ರಾಜಧಾನಿ. ಬೇಲಿಯುಳ್ಳದು ಗ್ರಾಮ, ನೂರು ಮನೆಗಳದು ಚಿಕ್ಕದು, ಐನೂರು ಮನೆಗಳದು ದೊಡ್ಡದು. ನದಿ ಮತ್ತು ಪರ್ವತಗಳಿಂದ ಆವೃತವಾದುದು ಖೇಟ, ಪರ್ವತದಿಂದ ಆವೃತವಾದುದು ಖರ್ವಟ, ಐನೂರು ಗ್ರಾಮಗಳಿಂದ ಕೂಡಿದುದು ಮಡಂಬ, ನೌಕೆಗಳು ಬಂದಿಳಿಯುವ ಸಮುದ್ರತೀರದ್ದು ಪತ್ತನ, ನದೀತೀರದ್ದು ದ್ರೋಣಮುಖ. ರಾಜಧಾನಿಗೆ ೮೦೦, ದ್ರೋಣಮುಖಕ್ಕೆ ೪೦೦, ಖರ್ವಟಕ್ಕೆ ೨೦೦ ಗ್ರಾಮಗಳು. ಹತ್ತು ಗ್ರಾಮಗಳ ನಡುವೆ ಸಂಗ್ರಹ.

ಈ ಸಂಖ್ಯೆಗಳು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇವೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತ ತಾಳೆಯೋಲೆಯ ಪ್ರತಿಯಿಂದ ೧೯೦೯ರಲ್ಲಿ ಆ ಗ್ರಂಥ ಪ್ರಕಟವಾದ ಮೇಲೆ ಈ ಸಾಮ್ಯವನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಎಂಟುನೂರು ಗ್ರಾಮಗಳ ನಡುವಣ ಊರನ್ನು ಕೌಟಿಲ್ಯನು ‘ಸ್ಥಾನೀಯ’ ಎನ್ನುತ್ತಾನೆ. ಜಿನಸೇನರು ಆ ಸ್ಥಾನದಲ್ಲಿ ‘ರಾಜಧಾನಿ’ ಎಂದಿದ್ದಾರೆ. ಇದು ಅಲ್ಪಭೇದವಲ್ಲ. ಸ್ಥಾನೀಯ ಆಡಳಿತದ ಒಂದು ಠಾಣ್ಯ. ರಾಜಧಾನಿ ರಾಜನ ನೆಲೆ. ಸ್ಥಾನೀಯಗಳು ರಾಜ್ಯದಲ್ಲಿ ಹಲವು ಇರಬಹುದು. ಜಿನಸೇನರ ಮಾತಿನಲ್ಲಿ ರಾಜಧಾನಿ ಪ್ರತಿ ದೇಶಕ್ಕೂ ಬರುವುದರಿಂದ, ಒಬ್ಬ ಚಕ್ರವರ್ತಿಯ ಆಳಿಕೆಯಲ್ಲಿ ರಾಜಧಾನಿಗಳು ಅನೇಕ. ಈ ಶಬ್ದಕ್ಕೆ ಇಂದಿನ ಅರ್ಥವನ್ನು ಕೊಟ್ಟು ಓದಿದರೆ ಗ್ರಂಥ ತಪ್ಪಾಗಿ ತೋರುತ್ತದೆ.

ಪತ್ತನ ಮತ್ತು ದ್ರೋಣಮುಖಗಳ ವಿಷಯದಲ್ಲಿ ಜಿನಸೇನರಿಗೂ ತಿಲೋಯಪಣ್ಣತ್ತಿಗೂ ಭೇದವಿದೆ. ಉತ್ತಮರತ್ನಗಳ ಉತ್ಪತ್ತಿಸ್ಥಾನ ಪಟ್ಟಣವೆಂದೂ ಸಮುದ್ರದ ವೇಲೆಯಿಂದ ಸುತ್ತುವರಿದುದು ದ್ರೋಣಮುಖವೆಂದೂ ತಿಲೋಯಪಣ್ಣತ್ತಿ ಹೇಳುತ್ತದೆ. ಜಿನಸೇನರು ಪತ್ತನಕ್ಕೆ ಕೊಟ್ಟ ಸಮುದ್ರವನ್ನು ಅಲ್ಲಿ ದ್ರೋಣಮುಖಕ್ಕೆ ಕೊಡಲಾಗಿದೆ. ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಅಶುದ್ಧವೆಂದೂ ನಿರ್ಣಯಿಸಲು ಆಧಾರವಿಲ್ಲ. ಕನ್ನಡನಾಡಿನ ಓದುಗನಿಗೆ ಇನ್ನೊಂದು ತೊಡಕುಂಟು. ಶಾಸನಗಳಲ್ಲಿ ಪಟ್ಟಣವೆಂಬುದು ವ್ಯಾಪಾರದ ಊರು. ಪಟ್ಟಣಸ್ವಾಮಿ ವರ್ತಕರ ಮುಖ್ಯ. ಬೆಂಗಳೂರಿನ ದೊಮ್ಮಲೂರು ತಮಿಳುಶಾಸನದಲ್ಲಿ ದೇಶಿಮಾಣಿಕ್ಕಪಟ್ಟಣವೆನಿಸಿದೆ. ಅಲ್ಲಿಗೆ ಸಮುದ್ರವಿಲ್ಲ, ನೌಕೆಯಿಲ್ಲ. ಈ ನಾಡಿನ ಲಿಪಿಕಾರ ‘ಪತ್ತನ’ವನ್ನು ‘ಪಟ್ಟಣ’ ಎಂದು ಬರೆದಾಗ ಅವನ ಮನಸ್ಸಿನಲ್ಲಿದ್ದುದು ತನ್ನ ಊರಿನ ಸಂತೆಯೇ ಹೊರತು ಲಕ್ಷಣಶ್ಲೋಕವಲ್ಲ.

ಲಕ್ಷಣಕ್ಕೂ ಲೋಕವ್ಯವಹಾರಕ್ಕೂ ಇರುವ ಅಂತರಕ್ಕೆ ಜಿನಸೇನರ ಕಾಲದಲ್ಲಿಯೇ ಉದಾಹರಣೆ ದೊರೆಯುತ್ತದೆ. ಅವರನ್ನು ಗುರುವಾಗಿ ಗೌರವಿಸಿದ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ. ಲಕ್ಷಣದಂತೆ ಖೇಟ ರಾಜಧಾನಿಗಿಂತ ಕೆಳಗಿನ ಶ್ರೇಣಿಯದು. ಹೆಸರಿನಲ್ಲಿ ಅದು ಸಾಮ್ರಾಜ್ಯದ ತಲೆಯೂರು. ಉತ್ಪಲಖೇಟದಲ್ಲಿ ರಾಜನನ್ನು ಇರಿಸಿದ ಆಚಾರ್ಯರಿಗೆ ಇದು ವಿರೋಧವೆಂದು ತೋರಿರಲಾರದು.

೬

ಶಾಸನಗಳ ದೇಶವಿಭಾಗ ಹೇಗಿತ್ತೆಂಬುದನ್ನು ಒಂದು ನೆಲವನ್ನು ಹಿಡಿದು ನೋಡುವುದು ಯುಕ್ತ. ಬೆಂಗಳೂರು ಉತ್ತರ ತಾಲ್ಲೂಕಿನ ಚಿಕ್ಕಬಾಣಾವರವನ್ನು ಕೇಂದ್ರವಾಗಿಟ್ಟುಕೊಂಡರೆ, ಆಗ್ನೇಯದ ಕಡೆ ಹೆಬ್ಬಾಳ, ಪೂರ್ವದ ಕಡೆ ಯಲಹಂಕ, ವಾಯವ್ಯದ ಕಡೆ ನೆಲಮಂಗಲ ತಾಲ್ಲೂಕಿನ ಮಣ್ಣೆ ಇವೆ. ಕೆರೆಯ ನೀರನ್ನು ನಂಬಿದ ಈ ಪ್ರದೇಶ ಜಿನಸೇನರ ವಿಭಾಗದಲ್ಲಿ ಸಾಧಾರಣವೆನಿಸಬೇಕು. ಮಳೆ ಬಾರದೆ ಕೆರೆ ತುಂಬದು, ಕೆರೆಯಿಲ್ಲದೆ ಮಳೆ ನಿಲ್ಲದು.

ಈ ನೆಲ ಗಂಗವಾಡಿ ೯೬೦೦೦ದೊಳಗಿನದು. ಹೆಬ್ಬಾಳದಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. ೭೫೦ರದು, ಅದರಲ್ಲಿ ಪೆರ್ಬೊಳಲ್ನಾಡು ಮೂವತ್ತು ಎಂಬ ವಿಭಾಗ ಬಂದಿದೆ. ಪೆರ್ಬೊಳಲ್ ಎಂದರೆ ಹಿರಿಯ ಪೊಳಲು, ದೊಡ್ಡ ನಗರ. ಹೆಸರು ದೊಡ್ಡದಾದರೂ ನಾಡು ಮೂವತ್ತರದು. ಚೋಳರು ಈ ಭಾಗಗಳನ್ನು ಗೆದ್ದ ಮೇಲೆ ಗಂಗವಾಡಿ ಮುಡಿಕೊಂಡಚೋಳಮಂಡಲವಾಯಿತು, ನೊಳಂಬವಾಡಿ ನಿಗರಿಲಿಚೋಳಮಂಡಲವಾಯಿತು; ಯಲಹಂಕನಾಡು ತಮಿಳುಶಾಸನಗಳಲ್ಲಿ ಇಲೈಪ್ಪಾಕ್ಕನಾಡಾಯಿತು. ಮಂಡಲದ ಹೆಸರು ಗೆದ್ದವನೊಡನೆ ಬಂದು ಅವನೊಡನೆ ಹೋಯಿತು. ನಾಡಿನ ಹೆಸರು ಉಚ್ಚಾರಣೆಯಲ್ಲಿ ಬದಲಾದರೂ ಉಳಿಯಿತು.

ಈ ನೆಲಕ್ಕೆ ರಾಜಧಾನಿ ಯಾವುದು? ಗಂಗರ ಮೊದಲಿನದು ಕುವಲಾಲ, ಅಂದರೆ ಕೋಲಾರ, ಅನಂತರ ತಲಕಾಡು, ಶ್ರೀಪುರುಷನ ಕಾಲದಲ್ಲಿ ಮಾನ್ಯಪುರ, ಅಂದರೆ ಮಣ್ಣೆ. ಶ್ರೀಪುರದ ಲೋಕತಿಲಕ ಜಿನಾಲಯಕ್ಕೆ ದತ್ತಿ ಕೊಟ್ಟ ೭೭೬ರ ತಾಮ್ರಶಾಸನ ಶ್ರೀಪುರುಷನು ಮಾನ್ಯಪುರದಲ್ಲಿದ್ದಾಗ ಹೊರಟುದು. ೭೯೭ರ ಮಣ್ಣೆಯ ತಾಮ್ರಶಾಸನದಲ್ಲಿ ಶ್ರೀವಿಜಯನು ಅಲ್ಲಿ ಕಟ್ಟಿಸಿದ ಜಿನಾಲಯದ ವಿಷಯವಿದೆ. ಮಾನ್ಯಪುರವನ್ನು ಮಾನ್ಯಖೇಟವೆಂದು ಓದುವ ತಪ್ಪು ಈ ಶಾಸನಗಳ ಉಪಯೋಗದಲ್ಲಿ ಎಚ್ಚರಿಕೆಯಿಂದ ವರ್ಜಿಸಬೇಕಾದುದು. ೧೦೦೪ರ ಸುಮಾರಿನಲ್ಲಿ ತಲಕಾಡು ಚೋಳರ ವಶವಾಗಿ ರಾಜರಾಜಪುರವಾಯಿತು. ೧೧೧೬ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನನು ಅದನ್ನು ಮರಳಿ ಗೆದ್ದನು. ಆಮೇಲೆ ದೋರಸಮುದ್ರ, ವಿಜಯನಗರ, ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು. ೧೯೫೬ರಲ್ಲಿ ರಾಜ್ಯ ಒಂದಾಯಿತು. ೧೯೮೬ರಲ್ಲಿ ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರವೆಂದು ಎರಡಾದಾಗ ಚಿಕ್ಕಬಾಣಾವರ ಒಂದು ಕಡೆಯಲ್ಲಿಯೂ ಮಣ್ಣೆ ಇನ್ನೊಂದು ಕಡೆಯಲ್ಲಿಯೂ ಉಳಿದವು.

ರಾಜಧಾನಿ ಕೈಬಿಟ್ಟ ಮೇಲೂ ಅದರ ಹೆಸರು ಬಿರುದಾಗಿ ಉಳಿಯುವುದು ಇಲ್ಲಿಯ ವಿಶೇಷ. ತಲಕಾಡಿನಲ್ಲಿದ್ದ ಗಂಗರು ಕುವಲಾಲಪುರವರೇಶ್ವರರೆನಿಸಿಕೊಂಡರು. ಮಾನ್ಯಖೇಟದ ರಾಷ್ಟ್ರಕೂಟರು ಲಟ್ಟಲೂರಪುರವರಾಧೀಶ್ವರರು. ಯಾದವವಂಶವನ್ನು ಹೇಳಿಕೊಂಡ ಹೊಯ್ಸಳರು ದ್ವಾರಾವತೀಪುರವರಾಧೀಶ್ವರರು; ಹೊಂಬುಜದ ಸಾಂತರರು ಉತ್ತರಮಧುರಾಧೀಶ್ವರರು. ಕೊನೆಯ ಎರಡು ಬಿರುದುಗಳು ಪುರಾಣಪ್ರಸಿದ್ಧವಾದ ರಾಜಧಾನಿಗಳನ್ನು ಕನ್ನಡನಾಡಿಗೆ ಕರೆತಂದಿವೆ. ಆದುದರಿಂದ ಹೊಯ್ಸಳರ ಕಾಲದ ಓಲೆಯ ಪುಷ್ಪಿಕೆಯೊಂದರಲ್ಲಿ ದ್ವಾರಾವತೀ ಎಂದಿದ್ದರೆ ಅದು ಸುರಾಷ್ಟ್ರದ ನಗರವೋ ದೋರಸಮುದ್ರವೋ ರಾಜನ ಬಿರುದಿನ ಒಂದು ಅಂಗವೋ ಎಂಬುದನ್ನು ವಾಕ್ಯದ ಅನ್ವಯದಿಂದಲೇ ನಿರ್ಣಯಿಸಬೇಕು.

ಸಂಖ್ಯೆಯ ವಿಷಯವೂ ಹೀಗೆಯೇ. ಪೆರ್ಬೊಳಲ್ನಾಡು ೩೦, ಕಿಸುಕಾಡು ೭೦, ಬೆಳ್ವೊಲ ೩೦೦, ಪುಲಿಗೆರೆ ೩೦೦, ಸಾಂತಳಿಗೆ ೧೦೦೦, ಕೂಂಡಿ ೩೦೦೦, ಬನವಾಸಿ ೧೨೦೦೦, ನೊಳಂಬವಾಡಿ ೩೨೦೦೦, ಗಂಗವಾಡಿ ೯೬೦೦೦. ಚಿಕ್ಕ ಸಂಖ್ಯೆಗಳನ್ನು ಗ್ರಾಮಗಳೆಂದು ತಿಳಿಯಬಹುದು. ಆದರೆ ೨೦೧೧ರ ಜನಗಣತಿಯಂತೆ ಇಡೀ ಕರ್ನಾಟಕದ ಗ್ರಾಮಗಳೇ ೩೦೦೦೦ಕ್ಕೆ ಕಡಿಮೆ. ಗಂಗವಾಡಿಯೊಂದರಲ್ಲಿ ೯೬೦೦೦ ಗ್ರಾಮಗಳು ಇರಲಾರವು. ಚಕ್ರವರ್ತಿಗೆ ೩೨೦೦೦ ದೇಶಗಳು, ೯೬ ಕೋಟಿ ಗ್ರಾಮಗಳು ಎಂಬ ಪುರಾಣಸಂಖ್ಯೆಯನ್ನು ನೋಡಿ, ನೊಳಂಬವಾಡಿ ಮತ್ತು ಗಂಗವಾಡಿಗಳ ಸಂಖ್ಯೆಗಳು ಅಲ್ಲಿಂದಲೇ ಬಂದವೆಂದು ಊಹಿಸುವುದು ಆಕರ್ಷಕವಾಗಿದೆ. ಆದರೆ ೭೦, ೩೦೦, ೧೨೦೦೦ ಎಂಬವುಗಳಿಗೆ ಆ ಮೂಲದಲ್ಲಿ ಸ್ಥಾನವಿಲ್ಲ. ಜಿನಸೇನರ ೧೦, ೨೦೦, ೪೦೦, ೮೦೦ ಎಂಬ ಶ್ರೇಣಿಗೂ ಶಾಸನಸಂಖ್ಯೆಗಳಿಗೂ ಹೊಂದಿಕೆಯಿಲ್ಲ. ಎರಡು ಸಂಖ್ಯೆಗಳ ಸಾಮ್ಯದಿಂದ ಒಂದು ಪದ್ಧತಿಯ ಉತ್ಪತ್ತಿಯನ್ನು ಸಾಧಿಸಲಾಗದು.

೭

ಮೇಲಣ ವಿಚಾರದಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಕರಣಾನುಯೋಗದಲ್ಲಿ ರಾಜಧಾನಿ ವಿಷಯದ ಅಂಗ. ವಿಷಯವಿರುವವರೆಗೆ ಅದು ಅಲ್ಲಿಯೇ ಇರುತ್ತದೆ. ಶಾಸನದಲ್ಲಿ ರಾಜಧಾನಿ ರಾಜನ ಅಂಗ. ಅವನೊಡನೆ ಚಲಿಸುತ್ತದೆ, ಉಳಿಯುವುದು ನಾಡು. ಸವದತ್ತಿಯ ರಟ್ಟರು ಸುಗಂಧವರ್ತಿಯಿಂದ ವೇಣುಗ್ರಾಮಕ್ಕೆ ಹೋದಾಗಲೂ ಕೂಂಡಿ ೩೦೦೦ ಕೂಂಡಿಯಾಗಿಯೇ ಉಳಿಯಿತು. ಆದಿಪುರಾಣದ ಲಕ್ಷಣಭಾಗ ಈ ಎರಡರ ನಡುವೆ ನಿಂತು, ದೇಶ ಹೇಗಿರಬೇಕೆಂಬುದನ್ನು ಹೇಳುತ್ತದೆ. ಶಾಶ್ವತವನ್ನು ಹೇಳುವ ಗ್ರಂಥವನ್ನು ಚರಿತ್ರೆಯಿಂದಲೂ, ಚರಿತ್ರೆಯನ್ನು ಹೇಳುವ ಶಾಸನವನ್ನು ಲಕ್ಷಣದಿಂದಲೂ ತಿದ್ದಬಾರದು.

ಈ ಭೇದವನ್ನು ಪೂರ್ವಾಚಾರ್ಯರು ಅರಿಯದವರಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನ ಪ್ರತಿಬೋಧನಾರ್ಥವಾಗಿ ತ್ರಿಲೋಕಸಾರವನ್ನು ರಚಿಸಿದರೆಂಬುದು ಸಂಪ್ರದಾಯ. ಆ ಚಾವುಂಡರಾಯನ ಜೀವಿತಕಾಲದಲ್ಲಿಯೇ, ೯೭೨ರಲ್ಲಿ, ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಮರುವರ್ಷ ಎರಡನೆಯ ತೈಲಪನು ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿದನು. ೯೭೪ರಲ್ಲಿ ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡನು. ೯೭೮ರಲ್ಲಿ ಚಾವುಂಡರಾಯಪುರಾಣ ಮುಗಿಯಿತು. ಒಂದು ರಾಜಧಾನಿ ಉರಿದುಹೋದುದನ್ನು ಕಂಡ ಸೇನಾನಿಗೆ ಮೂವತ್ತೆರಡು ರಾಜಧಾನಿಗಳ ಹೆಸರುಗಳನ್ನು ಕ್ರಮತಪ್ಪದೆ ಬೋಧಿಸಿದವರು ಎರಡನ್ನೂ ಬೆರೆಸಲಿಲ್ಲ. ಕ್ಷೇಮೆಯನ್ನು ಮಾನ್ಯಖೇಟವೆಂದಾಗಲಿ ಗಂಗವಾಡಿಯನ್ನು ಕಚ್ಛೆಯೆಂದಾಗಲಿ ಹೇಳಲಿಲ್ಲ.

ಇಂದಿನ ಸಂಪಾದಕರಿಗೂ ಸೂಚಿಕಾರರಿಗೂ ಇದರಿಂದ ದೊರೆಯುವ ನಿಯಮಗಳು ಕೆಲವು. ವಿದೇಹದ ಪಟ್ಟಿಯಲ್ಲಿ ಸಂಶಯ ಬಂದರೆ ಸಂಖ್ಯೆ, ಅಷ್ಟಕಕ್ರಮ, ಕೂಟನಾಮಗಳಿಂದ ಪರೀಕ್ಷಿಸಬೇಕು. ಬೇರೆ ಸಂಪ್ರದಾಯದ ಪಾಠವನ್ನು ಪಾಠಾಂತರವಾಗಿ ತೋರಿಸಬಹುದು, ಮೂಲಕ್ಕೆ ಸೇರಿಸಬಾರದು. ಪುರಾಣಪಾಠ ಪಟ್ಟಿಗೆ ಹೊಂದದಿದ್ದಾಗ ಎರಡನ್ನೂ ಉಳಿಸಿ ಭೇದವನ್ನು ಹೇಳಬೇಕು. ಒಂದೇ ಹೆಸರಿನ ನಗರಗಳನ್ನು ಕ್ಷೇತ್ರ, ವಿಷಯಸಹಿತವಾಗಿ ಬೇರೆ ಬೇರೆ ನಮೂದಿಸಬೇಕು. ಪುಷ್ಪಿಕೆಯಲ್ಲಿ ಬರುವ ಊರು, ನಾಡು, ಬಿರುದುಗಳನ್ನು ಓಲೆಯಲ್ಲಿರುವಂತೆ ಅಕ್ಷರಶಃ ಕೊಟ್ಟು, ಗುರುತಿಸುವಿಕೆಯನ್ನು ಪ್ರತ್ಯೇಕವಾಗಿ ಬರೆಯಬೇಕು. ಮೂಡಬಿದಿರೆ, ಶ್ರವಣಬೆಳಗೊಳ, ಹೊಂಬುಜಗಳ ಭಂಡಾರಗಳಲ್ಲಿ ಈ ಗ್ರಂಥಗಳನ್ನು ಪ್ರತಿಮಾಡಿದವರಲ್ಲಿ ಹಲವರು ಚಿಕ್ಕಬಾಣಾವರದಂತಹ ಊರುಗಳಿಂದ ಬಂದವರಾಗಿದ್ದಿರಬಹುದು. ತಮ್ಮ ನಾಡಿನ ರಾಜಧಾನಿ ಬದಲಾದಾಗ ಅವರು ವಿದೇಹದ ರಾಜಧಾನಿಯನ್ನು ಬದಲಿಸಲಿಲ್ಲ. ಅವರು ಕಾಯ್ದುಕೊಟ್ಟ ಪಾಠವನ್ನು ಕಾಯ್ದುಕೊಳ್ಳುವುದು ಸಂಪಾದಕನ ಮೊದಲ ಕರ್ತವ್ಯ.